ಹೆಗಲ ಮೇಲೆ ಹೊತ್ತ ಟ್ರಕ್ಕು

ಹೋದ ತಿಂಗಳು ಶ್ಯಾಂಟಿಲಿ ಎಂಬ ಊರಿನ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟ. ಸಪಾದ ಭಕ್ಷ್ಯದ ತಟ್ಟೆ ಹಿಡಿದುಕೊಂಡು ಒಬ್ಬಳು ಹುಡುಗಿ ನನ್ನ ಪಕ್ಕದಲ್ಲಿ ಬಂದು ಕೂತಳು. “ಆಂಟಿ, ನಾನು ಒಂದು ಫೀಲ್ಡ್ ಜಾಬ್‌ಗೆ ಅಪ್ಲೈ ಮಾಡಿದೀನಿ. ನೀವು ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ರಂತಲ್ಲ, ನಾನು ಮೊದ್ಲು ಏನ್ ಕಲೀಬೇಕು?” ಎಂದು ಕೇಳಿದಳು. “ಗಾಡಿ ರಿವರ್ಸ್ ಹೊಡಿಯೋದು,” ಎಂದೆ. ತಮಾಷೆ ಎಂದುಕೊಂಡು ನಕ್ಕಳು. ಅಷ್ಟರಲ್ಲಿ ಯಾರೋ ಅವಳನ್ನು ಬಡಿಸಲು ಕರೆದರು, ಮಾತು ಅಲ್ಲಿಗೇ ನಿಂತಿತು. ನಾನು ತಮಾಷೆ ಮಾಡಿರಲಿಲ್ಲ. ಅವಳಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಬೆಟ್ಟದ ತೊರೆಗಳ ನೀರು ಹಿಡಿದು ಪರೀಕ್ಷೆ ಮಾಡುವುದು. ಮಳೆಯಲ್ಲಿ ಆಮ್ಲ ಬೆರೆತು ತೊರೆಗಳು ಹುಳಿಯಾಗುತ್ತಿವೆಯೇ, ಅವುಗಳಲ್ಲಿ ಮೀನು ಉಳಿಯುತ್ತವೆಯೇ ಎಂದು ನೋಡುವ ಸರ್ಕಾರಿ ಯೋಜನೆಯೊಂದನ್ನು ನಮ್ಮ ಕಂಪನಿ ಗುತ್ತಿಗೆ ಹಿಡಿದಿತ್ತು. ಪ್ರಯೋಗಾಲಯ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನಲ್ಲಿ, ಮುಖ್ಯ ಕಚೇರಿ ಅಟ್ಲಾಂಟಾದಲ್ಲಿ, ತೊರೆಗಳು ಉತ್ತರ ಕೆರೊಲಿನಾದ ಪಶ್ಚಿಮ ತುದಿಯ ಕಾಡುಬೆಟ್ಟಗಳಲ್ಲಿ. ತಿಂಗಳಿಗೊಮ್ಮೆ ನಾನು ಬೆಳಗಿನ ಜಾವ ಹೊರಟು ದಿನವಿಡೀ ಕಾರು ಓಡಿಸಿ ಅಲ್ಲಿಗೆ ಹೋಗಿ, ನಾಲ್ಕು ದಿನವಿದ್ದು, ಐಸ್ ಪೆಟ್ಟಿಗೆಗಳಲ್ಲಿ ನೀರಿನ ಬಾಟಲಿ ತುಂಬಿಕೊಂಡು ಬರುತ್ತಿದ್ದೆ. ಮೈಸೂರಿನಲ್ಲಿ ನಲ್ಲಿ ನೀರು ಹಿಡಿಯಲು ಬೇಜಾರು ಪಡುತ್ತಿದ್ದವಳಿಗೆ ದೇವರು ಸರಿಯಾದ ಉದ್ಯೋಗವನ್ನೇ ಕೊಟ್ಟ ಎಂದು ನಮ್ಮ ಯಜಮಾನರು ಹಂಗಿಸುತ್ತಿದ್ದರು.

ಮೊದಲ ವರ್ಷದ ಒಂದು ಪ್ರಮಾದ ಹೇಳಿಬಿಡುತ್ತೇನೆ, ಹೇಗಿದ್ದರೂ ಎಲ್ಲರಿಗೂ ಗೊತ್ತಿರುವುದೇ. ಮಧ್ಯಾಹ್ನ ಬಂಡೆಯ ಮೇಲೆ ಕೂತು ನಿಂಬೆಕಾಯಿ ಉಪ್ಪಿನಕಾಯಿಯ ಜೊತೆ ಮೊಸರನ್ನ ತಿಂದೆ. ಕೈಯನ್ನು ತೊರೆಯಲ್ಲೇ ತೊಳೆದುಕೊಂಡು ಅಲ್ಲೇ ಬಾಟಲಿ ತುಂಬಿಸಿದೆ. ಆ ತಿಂಗಳ ಫಲಿತಾಂಶ ನೋಡಿ ಅಟ್ಲಾಂಟಾದಿಂದ ಫೋನು: ಈ ಬೆಟ್ಟದ ನೀರಿನಲ್ಲಿ ಇಷ್ಟು ಉಪ್ಪು ಎಲ್ಲಿಂದ ಬಂತು, ಸಮುದ್ರ ಅಲ್ಲಿಗೂ ಬಂದಿದೆಯೇ? ನಾನು ನಿಜ ಹೇಳಿದೆ. ಅಂದಿನಿಂದ ನಮ್ಮ ಕಂಪನಿಯ ನಿಯಮಾವಳಿಯಲ್ಲಿ ‘ಊಟ ತೊರೆಯ ಕೆಳಭಾಗದಲ್ಲಿ ಮಾಡತಕ್ಕದ್ದು’ ಎಂಬ ಸಾಲು ಸೇರಿತು. ಅದು ನನ್ನ ಉಪ್ಪಿನಕಾಯಿಯ ಕೊಡುಗೆ.

ಫೋನ್ ಮಾಡಿದವಳು ಬೆವರ್ಲಿ, ಅಟ್ಲಾಂಟಾದ ನಮ್ಮ ಮೇಲಧಿಕಾರಿ. ಲಾರಿ ಓಡಿಸುವವನ ಮಗಳಂತೆ. ಮಾತು ಜೇನು, ಕೈ ಬಿಗಿ. ಇಂಗ್ಲಿಷಿನಲ್ಲಿ ಮುದ್ದಾಗಿ ‘ಹನಿ’ ಎಂದು ಕರೆದೇ ‘ಇಲ್ಲ’ ಎನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರುತ್ತಿದ್ದಷ್ಟೇ ಸಲ ಪ್ರೀತಿಯೂ ಬರುತ್ತಿತ್ತು.

ಬೆಟ್ಟದಲ್ಲಿ ನನ್ನ ಜೊತೆಗಾರ ಡ್ವೇನ್. ಅಲ್ಲೇ ಹುಟ್ಟಿ ಬೆಳೆದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಪಿಎಚ್‌ಡಿ ಮಾಡಿದ್ದೆ, ಅವರು ಹೈಸ್ಕೂಲು ಮುಗಿಸಿರಲಿಲ್ಲ. ಆದರೆ ಯಾವ ತೊರೆ ಯಾವ ಮಳೆಗೆ ಎಷ್ಟು ಹೊತ್ತಿನಲ್ಲಿ ಏರುತ್ತದೆ ಎಂದು ನನಗೆ ಕಲಿಸಿದವರು ಅವರು. ಅವರು ಆಡುತ್ತಿದ್ದ ದಕ್ಷಿಣದ ಇಂಗ್ಲಿಷನ್ನು ನಾನಿಲ್ಲಿ ನಮ್ಮ ಮೈಸೂರು ಕನ್ನಡದಲ್ಲೇ ಕೊಡುತ್ತೇನೆ. ಎರಡಕ್ಕೂ ಅವಸರವೆಂಬುದಿಲ್ಲ.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಡ್ವೇನ್ ಅವರ ಮೊಣಕಾಲುಗಳು ಕೈಕೊಟ್ಟವು. ನಮ್ಮ ಎಂಟು ತೊರೆಗಳಲ್ಲಿ ಏಳಕ್ಕೆ ವ್ಯಾನು ಹೋಗುತ್ತಿತ್ತು. ಎಂಟನೆಯದಕ್ಕೆ, ನಾವು ‘ಮೇಲಿನದು’ ಎನ್ನುತ್ತಿದ್ದುದಕ್ಕೆ, ಕಾಡಿನ ಗೇಟಿನ ಬಳಿ ವ್ಯಾನು ಬಿಟ್ಟು ಎರಡು ಮೈಲಿ ಹತ್ತಬೇಕು. ನಲವತ್ತು ಪೌಂಡಿನ ಚೀಲ ಹೊತ್ತು ತನ್ನ ಪಾಲಿನ ಎಲ್ಲ ತೊರೆಗಳನ್ನು ತಲುಪಬಲ್ಲವರೇ ಫೀಲ್ಡಿನಲ್ಲಿರಬೇಕು ಎಂಬುದು ಕಂಪನಿಯ ನಿಯಮ. ವಾಹನ ತೊರೆಯವರೆಗೂ ಹೋಗುವ ಕಡೆ ಮಾತ್ರ ಆ ನಿಯಮಕ್ಕೆ ವಿನಾಯಿತಿ. ಡ್ವೇನ್ ಅವರ ಪರೀಕ್ಷೆ ಆ ವರ್ಷದ ನವೆಂಬರಿನಲ್ಲಿ ಇತ್ತು. ತೇರ್ಗಡೆಯಾಗದಿದ್ದರೆ ಅಟ್ಲಾಂಟಾದ ಉಗ್ರಾಣದಲ್ಲಿ ಬಾಟಲಿ ತೊಳೆಯುವ ಕೆಲಸ. “ಅಟ್ಲಾಂಟಾಗೆ ನಾನು ಎರಡು ಸಲ ಹೋಗಿದೀನಿ ಮ್ಯಾಮ್. ಎರಡು ಸಲವೂ ಅಲ್ಲಿ ದಿಕ್ಕೇ ಗೊತ್ತಾಗ್ಲಿಲ್ಲ. ಬೆಟ್ಟವೇ ಕಾಣಲ್ಲವಲ್ಲ,” ಎಂದಿದ್ದರು ಒಮ್ಮೆ. ನಗುತ್ತಲೇ ಹೇಳಿದ್ದರು.

ಅಂಥ ಹೊತ್ತಿನಲ್ಲಿ ಬೆವರ್ಲಿಯಿಂದ ಸುತ್ತೋಲೆ ಬಂತು. ಎಲ್ಲ ತಂಡಗಳಿಗೂ ನಾಲ್ಕು ಚಕ್ರಕ್ಕೂ ಎಳೆತವಿರುವ ಪಿಕಪ್ ಟ್ರಕ್ಕು ಕೊಡುತ್ತೇವೆ. ಫುಲ್‌ಸೈಜ್ ಬೇಕೋ ಮಿಡ್‌ಸೈಜ್ ಬೇಕೋ, ರಸ್ತೆ ಪರೀಕ್ಷಿಸಿ ಕಾರಣ ಸಮೇತ ವರದಿ ಕಳಿಸಿ. ನಾನು ಕೂಡಲೇ ಫೋನ್ ಹಚ್ಚಿದೆ.

“ಹನಿ, ಫುಲ್‌ಸೈಜ್ ಅಂದ್ರೆ ಸೆಪ್ಟೆಂಬರ್‌ಗೆ ಬರುತ್ತೆ. ಎಲ್ಲರಿಗೂ ಒಂದೇ ಗಾಡಿ, ಒಂದೇ ಟೈರು, ನನ್ನ ತಲೆನೋವು ಕಮ್ಮಿ. ಮಿಡ್‌ಸೈಜ್ ಅಂದ್ರೆ ಮುಂದಿನ ವರ್ಷದ ಬಜೆಟ್,” ಎಂದಳು ಬೆವರ್ಲಿ.

ಮುಂದಿನ ವರ್ಷ ಎಂದರೆ ಡ್ವೇನ್ ಅಟ್ಲಾಂಟಾದಲ್ಲಿ. ಈಗ ನನಗೆ ಬೇಕಾಗಿದ್ದ ಉತ್ತರ ಯಾವುದೆಂದು ನಿಮಗೂ ತಿಳಿಯಿತು, ನನಗೂ ತಿಳಿದಿತ್ತು. ಪರೀಕ್ಷೆ ಮಾಡುವವಳಿಗೆ ಉತ್ತರ ಮೊದಲೇ ಬೇಕಾಗಿದ್ದರೆ ಏನಾಗುತ್ತದೆಂದು ಕಲಿತದ್ದು ಆ ಬೇಸಿಗೆಯಲ್ಲಿ.

ಟ್ರಕ್ಕಿನ ವಿಷಯದಲ್ಲಿ ನಾನು ಅಷ್ಟಿಷ್ಟು ಓದಿಕೊಂಡೆ. ದೊಡ್ಡದರಲ್ಲಿ ಹೆಚ್ಚು ಸಾಮಾನು, ಹೆಚ್ಚು ಎಳೆಯುವ ಶಕ್ತಿ, ಮೊಣಕಾಲು ನೋವಿದ್ದವರಿಗೆ ಕಾಲು ಚಾಚಲು ಜಾಗ. ಚಿಕ್ಕದರಲ್ಲಿ ಇದೆಲ್ಲ ಸ್ವಲ್ಪ ಕಡಿಮೆ, ಆದರೆ ಮರಗಳ ನಡುವೆ ನುಸುಳುತ್ತದೆ, ಇಕ್ಕಟ್ಟಿನಲ್ಲಿ ತಿರುಗುತ್ತದೆ. ನಮ್ಮ ಎಂಟು ಐಸ್ ಪೆಟ್ಟಿಗೆಗಳಿಗೆ ಚಿಕ್ಕದರ ತೊಟ್ಟಿಯೇ ಸಾಕಾಗಿತ್ತು. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ: ಗೇಟಿನಿಂದ ಮೇಲಿನ ಆ ಎರಡು ಮೈಲಿಯಲ್ಲಿ, ಹಳೆಯ ಕಾಲದಲ್ಲಿ ಮರ ಸಾಗಿಸಲು ಕಡಿದ ದಾರಿಯಲ್ಲಿ, ದೊಡ್ಡದು ಹಾಯುತ್ತದೆಯೇ? ಪರೀಕ್ಷೆಗೆ ಯಾವ ಅಂಗಡಿಯವನು ತಾನೇ ಹೊಸ ಟ್ರಕ್ಕನ್ನು ಕಾಡಿಗೆ ಕೊಡುತ್ತಾನೆ?

ಕ್ಯಾಟಲಾಗಿನಲ್ಲಿ ದೊಡ್ಡದರ ಉದ್ದ ಹದಿನೆಂಟು ಅಡಿ, ಅಗಲ ಆರೂವರೆ ಅಡಿ ಎಂದಿತ್ತು. ಹದಿನೆಂಟು ಅಡಿ ಓದಿದ ಕೂಡಲೇ ನನ್ನ ತಲೆ ಓಡಿತು. ಆರು ಗಜ! ಒಂದು ಸೀರೆ!

ಆ ಶನಿವಾರ ನಮ್ಮ ಮನೆಯ ಮುಂದೆ ಬಿಳಿ ಪ್ಲಾಸ್ಟಿಕ್ ನೀರಿನ ಪೈಪು ಜೋಡಿಸಿ ಟ್ರಕ್ಕಿನ ಅಳತೆಯ ಚೌಕಟ್ಟು ಕಟ್ಟಿದೆವು. ಎರಡೂ ಬದಿಗೆ ಒಂದೊಂದು ಹಳೆಯ ನೂಲಿನ ಸೀರೆ ಇಳಿಬಿಟ್ಟೆ. ಬಂಡೆಗೋ ಮಣ್ಣಿಗೋ ತಗುಲಿದರೆ ಬಟ್ಟೆಯ ಮೇಲೆ ಗುರುತು ಬೀಳುತ್ತದೆ, ಎಲ್ಲಿ ತಗುಲಿತೆಂದು ಗೊತ್ತಾಗುತ್ತದೆ ಎಂಬ ಲೆಕ್ಕ. ನಮ್ಮ ಯಜಮಾನರು ಸಂಖ್ಯಾಶಾಸ್ತ್ರದವರು, ಸುತ್ತಿಗೆ ಹಿಡಿದವರಲ್ಲ. ಆದರೂ ಹುರುಪಿನಿಂದ ಪೈಪು ಕೊಯ್ದರು. ಹದಿಮೂರು ವರ್ಷದ ಮಗಳು ಅಂಜಲಿ ಬಾಗಿಲಲ್ಲಿ ನಿಂತು, “ಅಮ್ಮಾ, ಪ್ಲೀಸ್, ಹಸಿರು ಸೀರೆ ಬೇಡ. ಎವ್ರಿಬಡಿ ಕ್ಯಾನ್ ಸೀ!” ಎಂದು ಗೋಳಾಡಿದಳು. ಎದುರು ಮನೆಯವರು ನಿಜವಾಗಿಯೂ ನೋಡುತ್ತಿದ್ದರು.

ಚೌಕಟ್ಟನ್ನು ಬಿಚ್ಚಿ ಕಾರಿನ ಮೇಲೆ ಕಟ್ಟಿಕೊಂಡು ಯಜಮಾನರನ್ನೂ ಕರೆದುಕೊಂಡು ಕೆರೊಲಿನಾಕ್ಕೆ ಹೋದೆ. ಗೇಟಿನ ಬಳಿ ಮತ್ತೆ ಜೋಡಿಸಿದೆವು. ಮುಂದೆ ಅವರು, ಹಿಂದೆ ನಾನು, ಹೆಗಲ ಮೇಲೆ ಟ್ರಕ್ಕು. ಡ್ವೇನ್ ಕೋಲೂರಿಕೊಂಡು ನಿಧಾನವಾಗಿ ನಮ್ಮ ಹಿಂದೆ.

“ಸುಮಾ, ಹಾರ್ನ್ ಹೊಡೀಲೇನೆ?” ಎಂದರು ಯಜಮಾನರು.

“ಸುಮ್ನೆ ನಡೀರಿ, ಮೊದ್ಲೇ ಏದುಸಿರು ಬಿಡ್ತಿದೀರಿ.”

ಅರ್ಧ ಮೈಲಿಯಾದ ಮೇಲೆ ಎರಡು ನಾಯಿ ಜೊತೆಗಿದ್ದ ಒಬ್ಬ ಮುದುಕ ಎದುರಾದ. ಸೀರೆ ಉಟ್ಟ ಚೌಕಟ್ಟನ್ನೂ ಅದರೊಳಗಿದ್ದ ನಮ್ಮಿಬ್ಬರನ್ನೂ ನೋಡಿ ಟೋಪಿ ತೆಗೆದ. ಯಾವುದೋ ಧಾರ್ಮಿಕ ಮೆರವಣಿಗೆ ಎಂದುಕೊಂಡಿರಬೇಕು. “ಇದು ಇವರ ಚರ್ಚಿನದಾ?” ಎಂದು ಡ್ವೇನ್ ಅವರನ್ನು ಮೆಲ್ಲಗೆ ಕೇಳಿದ.

“ಅಲ್ಲ, ಕಂಪನಿ ಟ್ರಕ್ಕು.”

“ಎಂಜಿನ್ ಎಲ್ಲಿ?”

“ಬಜೆಟ್ ಬಂದಿಲ್ಲ,” ಎಂದರು ಡ್ವೇನ್, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ನಾವು ನಕ್ಕ ರಭಸಕ್ಕೆ ಟ್ರಕ್ಕು ಕೆಳಗೆ ಬಿತ್ತು.

ದಾರಿಯಲ್ಲಿ ಮೂರು ತಿರುವು. ಮೂರನೆಯದು ಮೊಣಕೈ ಮಡಿಸಿದ ಹಾಗೆ ಪೂರ್ತಿ ಹಿಂದಕ್ಕೆ ತಿರುಗುತ್ತದೆ. ಒಳಗಡೆ ಮಣ್ಣಿನ ದಿಬ್ಬ, ಹೊರಗಡೆ ಕೆಳಗೆ ಕಣಿವೆ. ಉಸಿರು ಬಿಗಿ ಹಿಡಿದು ತಿರುಗಿದೆವು. ಒಂದೇ ಒಂದು ಕಡೆಯೂ ತಗುಲಲಿಲ್ಲ. ಸೀರೆ ನೋಡಿದರೆ, ಕೆಳಗೆ ಬಿದ್ದಾಗ ಅಂಚಿಗೆ ತಾಗಿದ ಧೂಳು ಬಿಟ್ಟರೆ, ಆಗ ತಾನೇ ಒಗೆದಂತಿತ್ತು. ನಾನು ಕುಣಿದುಬಿಟ್ಟೆ. ಯಜಮಾನರು ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಡ್ವೇನ್ ಮಾತ್ರ ತಿರುವಿನಲ್ಲೇ ನಿಂತು ನೆಲ ನೋಡುತ್ತಿದ್ದರು. ಮೊಣಕಾಲು ನೋಯುತ್ತಿರಬೇಕು ಎಂದುಕೊಂಡೆ. ಅದೇ ವಾರ ವರದಿ ಕಳಿಸಿದೆ: ಫುಲ್‌ಸೈಜ್ ಹಾಯುತ್ತದೆ, ಸ್ಥಳದಲ್ಲೇ ಅಳತೆ ಮಾಡಿ ನೋಡಲಾಗಿದೆ.

ಸೆಪ್ಟೆಂಬರಿನಲ್ಲಿ ಟ್ರಕ್ಕು ಬಂತು. ಬಿಳಿಯದು, ಹೊಚ್ಚ ಹೊಸದು. ನನಗೆ ಅದನ್ನು ಹತ್ತಲು ಒಂದು ಮೆಟ್ಟಿಲು ಬೇಕಾಗಿತ್ತು. ಸ್ಟಿಯರಿಂಗ್ ಹಿಡಿದದ್ದು ಡ್ವೇನ್. ಎರಡು ತಿರುವು ಬೆಣ್ಣೆಯಂತೆ ಸಾಗಿದವು. ಮೂರನೆಯದರಲ್ಲಿ ಮೂತಿ ತಿರುಗಿತು, ಹೊಟ್ಟೆ ತಿರುಗಿತು, ಹಿಂಭಾಗ ತಿರುಗಲಿಲ್ಲ. ಒಳಬದಿಯ ಹಿಂಚಕ್ರ ದಿಬ್ಬದ ಮೂಗಿನ ಮೇಲೆ ಹತ್ತಿ ಗಾಡಿ ವಾಲಿತು. ನಾನು ಕೂತಿದ್ದ ಕಡೆಯ ಕಿಟಕಿಯಲ್ಲಿ ರಸ್ತೆ ಕಾಣಲಿಲ್ಲ, ಕಣಿವೆಯ ಮರಗಳ ತಲೆ ಕಂಡವು. ನನ್ನ ಬಾಯಲ್ಲಿ ರಾಮನಾಮ ಬಂತು. ಡ್ವೇನ್ ಎರಡು ಸಲ ಹಿಂದೆ ಮುಂದೆ ಮಾಡಿ ನೋಡಿ, ಎಂಜಿನ್ ನಿಲ್ಲಿಸಿ, ಕೈ ತೊಡೆಯ ಮೇಲಿಟ್ಟುಕೊಂಡರು.

“ಆಗಲ್ಲ ಮ್ಯಾಮ್.”

ಇಬ್ಬರೂ ಡ್ರೈವರ್ ಕಡೆಯಿಂದಲೇ ಇಳಿದೆವು. ನಾನು ದಿಬ್ಬವನ್ನು ನೋಡಿದೆ. ಅದರ ಮೂಗನ್ನು ಯಾರೋ ಹೊಸದಾಗಿ ಕಡಿದಿದ್ದರು. ಒಂದೂವರೆ ಗೇಣಿನಷ್ಟು ಅಗಲಕ್ಕೆ ಗುದ್ದಲಿಯ ಏಟುಗಳು ಸಾಲಾಗಿ ಇದ್ದವು. ಕತ್ತರಿಸಿದ ಬೇರುಗಳ ತುದಿ ಇನ್ನೂ ಬೆಳ್ಳಗಿತ್ತು.

“ಇದು ಯಾರು ಮಾಡಿದ್ದು?”

“ಕಾಡುಹಂದಿ ಇರ್ಬೇಕು,” ಎಂದರು ಡ್ವೇನ್ ಆಕಾಶ ನೋಡುತ್ತಾ.

“ನಿಮ್ಮೂರ ಹಂದಿಗಳಿಗೆ ಗುದ್ದಲಿ ಹಿಡಿಯೋಕೆ ಬರುತ್ತಾ?”

ಅವರು ಟ್ರಕ್ಕಿನ ಬಂಪರಿಗೆ ಒರಗಿ ಮೊಣಕಾಲು ತಿಕ್ಕಿಕೊಂಡರು. ಆಮೇಲೆ ಹೇಳಿದರು. ಐದು ಭಾನುವಾರ, ಚರ್ಚು ಮುಗಿಸಿ, ಆ ಕಾಲುಗಳಲ್ಲೇ ಗೇಟಿನಿಂದ ಅಲ್ಲಿಯವರೆಗೆ ನಡೆದು ಬಂದು ಅವರೊಬ್ಬರೇ ಅಗೆದಿದ್ದರು.

“ನೀವು ಟ್ರಕ್ ಹೊತ್ಕೊಂಡು ಬಂದ ದಿನವೇ ಗೊತ್ತಾಯ್ತು ಮ್ಯಾಮ್. ಈ ತಿರುವಲ್ಲಿ ನೀವು ಎರಡು ಹೆಜ್ಜೆ ಪಕ್ಕಕ್ಕೆ ಇಟ್ರಿ, ಆ ಅಂಚಿನ ಕಡೆಗೆ. ಟ್ರಕ್ಕಿನ ಹಿಂಚಕ್ರಕ್ಕೆ ಹಾಗೆ ಪಕ್ಕಕ್ಕೆ ಹೆಜ್ಜೆ ಇಡೋಕೆ ಬರಲ್ಲ. ಅದು ಮುಂದಿನದರ ಹಿಂದೆ ಒಳಗೊಳಗೇ ಬರುತ್ತೆ.”

ಎಷ್ಟು ಸರಳವಾದ ವಿಷಯ! ಪಲ್ಲಕ್ಕಿ ಹೊರುವವರಲ್ಲಿ ಹಿಂದಿನವರು ತಿರುವು ಬಂದಾಗ ತಾವಾಗಿಯೇ ಹೊರಕ್ಕೆ ಸರಿಯುತ್ತಾರೆ. ಚಿಕ್ಕಂದಿನಿಂದ ನೋಡಿ ನೋಡಿ ನನ್ನ ಕಾಲಿಗೂ ಅದು ಬಂದಿತ್ತು. ಗೊತ್ತೇ ಆಗದಂತೆ ನಾನು ಟ್ರಕ್ಕನ್ನು ಪಲ್ಲಕ್ಕಿಯ ಹಾಗೆ ತಿರುಗಿಸಿ, ಹಾಯಿತು ಎಂದು ರುಜು ಹಾಕಿದ್ದೆ.

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಈ ವರ್ಷ ಗಾಡಿನೇ ಬರ್ತಿರಲಿಲ್ಲ. ಅಗೆದು ಸರಿ ಮಾಡ್ಬಹುದು ಅನ್ಕೊಂಡೆ. ಬಂಡೆ ಸಿಕ್ತು.” ಆಮೇಲೆ ಸೇರಿಸಿದರು: “ಮತ್ತೆ ನೀವು ಅಷ್ಟು ಖುಷಿಯಾಗಿ ಕುಣೀತಿದ್ರಿ.”

ನನ್ನ ಕಣ್ಣು ತುಂಬಿ ಬಂತು. ತೋರಿಸಿಕೊಳ್ಳಲಾರದೆ ಅವರ ಮೇಲೆ ರೇಗಿದೆ. ಆ ಕಾಲಿನಲ್ಲಿ ಒಬ್ಬರೇ ಬರುವುದೇ, ಜಾರಿ ಬಿದ್ದಿದ್ದರೆ ಯಾರು ಕೇಳುತ್ತಿದ್ದರು, ಬುದ್ಧಿ ಬೇಡವೇ ಎಂದೆಲ್ಲ ಕೂಗಾಡಿದೆ. ಅವರು ಹ್ಞೂಂಗುಟ್ಟುತ್ತಾ ಕೇಳಿಸಿಕೊಂಡರು. ಆಮೇಲೆ ಆ ಟ್ರಕ್ಕನ್ನು ಒಂದು ಮೈಲಿಗೂ ಹೆಚ್ಚು ದೂರ ಹಿಮ್ಮುಖವಾಗಿ ಇಳಿಸಿದೆವು. ನಾನು ಹಿಂದೆ ನಡೆಯುತ್ತಾ ಕೈಸನ್ನೆ ಮಾಡಿದೆ. ಮುಕ್ಕಾಲು ಗಂಟೆ ಹಿಡಿಯಿತು. ಶ್ಯಾಂಟಿಲಿಯ ಹುಡುಗಿ ಈಗಲಾದರೂ ನನ್ನ ಉತ್ತರವನ್ನು ನಂಬಲಿ.

ಗೈದರ್ಸ್‌ಬರ್ಗ್‌ಗೆ ಬಂದ ಮರುದಿನವೇ ಬೆವರ್ಲಿಗೆ ಫೋನ್ ಮಾಡಿದೆ. ನನ್ನ ವರದಿ ತಪ್ಪು, ತಪ್ಪಾದದ್ದು ಹೀಗೆ, ನಮಗೆ ಬೇಕಾದದ್ದು ಮಿಡ್‌ಸೈಜ್ ಎಂದೆ.

“ನೀನು ಟ್ರಕ್ಕನ್ನು ಹೊತ್ಯಾ?”

“ಹೌದು.”

“ಹೆಗಲ ಮೇಲೆ?”

“ಹೌದು. ಹಿಂದಿನ ಭಾಗ ನಂದು.”

ಅವಳು ನಕ್ಕ ನಗು ಗೈದರ್ಸ್‌ಬರ್ಗ್‌ವರೆಗೆ ತಂತಿಯಿಲ್ಲದೆಯೂ ಕೇಳಿಸುತ್ತಿತ್ತು. ನಕ್ಕು ಮುಗಿಸಿ, “ಆದ್ರೆ ದುಡ್ಡಿಲ್ಲ ಹನಿ,” ಎಂದಳು. ಡ್ವೇನ್ ಅವರ ಪರೀಕ್ಷೆಗೆ ಆಗ ಏಳು ವಾರವಿತ್ತು.

ಆ ಏಳು ವಾರದಲ್ಲಿ ಅವಳನ್ನು ನಾನು ಬಿಡಲಿಲ್ಲ. ದಿನಾ ಬೆಳಗ್ಗೆ ಅವಳು ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ ಫೋನು. ಮೂರನೆಯ ವಾರ ಅವಳೇ ಒಂದು ದಾರಿ ತೆಗೆದಳು. ದಕ್ಷಿಣ ಕೆರೊಲಿನಾದ ಕರಾವಳಿ ತಂಡದ ಬಳಿ ಎರಡು ವರ್ಷದ ಹಿಂದೆ ಕೊಂಡ ಒಂದು ಮಿಡ್‌ಸೈಜ್ ಇತ್ತು. ದೋಣಿ ಎಳೆಯಲು ಅದಕ್ಕೆ ತ್ರಾಣವಿಲ್ಲವೆಂದು ಅವರು ಅವಳ ಪ್ರಾಣ ತಿನ್ನುತ್ತಿದ್ದರಂತೆ. “ನೀವಿಬ್ಬರೂ ಎಲ್ಲಾದ್ರೂ ಸಿಕ್ಕಿ ಬೀಗದ ಕೈ ಬದಲಾಯಿಸ್ಕೊಂಡು ನನ್ನ ಪ್ರಾಣ ಬಿಡಿ,” ಎಂದಳು.

ಕೊಲಂಬಿಯಾ ಊರಿನ ಹೊರಗಿನ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ವಿನಿಮಯವಾಯಿತು. ಕರಾವಳಿಯವನು ನಮ್ಮ ಬಿಳಿ ಆನೆಯನ್ನು ಸುತ್ತಿ ಸುತ್ತಿ ನೋಡಿ, ನಾನು ಮನಸ್ಸು ಬದಲಿಸುವ ಮೊದಲೇ ಹೊರಟುಬಿಟ್ಟ. ಅವನು ಬಿಟ್ಟುಹೋದ ಕೆಂಪು ಗಾಡಿಯಲ್ಲಿ ಮೀನಿನ ವಾಸನೆ, ಸೀಟಿನ ತುಂಬ ಮರಳು. ನಾನು ಮೆಟ್ಟಿಲಿಲ್ಲದೆ ಹತ್ತಿ ಕೂತೆ. ಅವನಿಗೆ ನಾನು ಮೋಸಹೋದೆನೆಂಬ ಸಂತೋಷ, ನನಗೆ ಅವನು ಮೋಸಹೋದನೆಂಬ ಸಂತೋಷ.

ಪರೀಕ್ಷೆಗೆ ಹನ್ನೊಂದು ದಿನವಿದ್ದಾಗ ಕೆಂಪು ಗಾಡಿ ಬೆಟ್ಟ ಹತ್ತಿತು. ಮೂರನೆಯ ತಿರುವಿಗೆ ಮೊದಲು ನಾನು ಇಳಿದು ಮುಂದೆ ಹೋಗಿ ದಿಬ್ಬದ ಬಳಿ ಕುಕ್ಕರಗಾಲಲ್ಲಿ ಕೂತೆ. ಡ್ವೇನ್ ಬಂದರು, ತಿರುಗಿಸಿದರು. ಒಳಬದಿಯ ಹಿಂಚಕ್ರ ನನ್ನ ಕಣ್ಣ ಮುಂದೆಯೇ ಉರುಳಿತು. ಅದು ಉರುಳಿದ್ದು ಪೂರ್ತಿಯಾಗಿ ಅವರು ಅಗೆದ ಮಣ್ಣಿನ ಮೇಲೆ. ಆ ಒಂದೂವರೆ ಗೇಣು ಇಲ್ಲದಿದ್ದರೆ ಮಿಡ್‌ಸೈಜೂ ಹಾಯುತ್ತಿರಲಿಲ್ಲ. ನನ್ನ ಎರಡನೆಯ ಲೆಕ್ಕವೂ ತಪ್ಪೇ ಆಗಿತ್ತು. ಅದನ್ನು ಸರಿ ಮಾಡಿದ್ದು ಅವರ ಐದು ಭಾನುವಾರಗಳು.

ಮೇಲಿನ ತೊರೆಯ ಬಳಿ ಗಾಡಿ ನಿಂತಾಗ ಡ್ವೇನ್ ಇಳಿದು, ಟೋಪಿ ತೆಗೆದು ನಿಂತರು. ಒಂದು ವರ್ಷದಿಂದ ಅವರು ಅಲ್ಲಿಗೆ ಬಂದಿರಲಿಲ್ಲ. ನಾನು ಸಾಮಾನ್ಯವಾಗಿ ಹೊತ್ತಾಯಿತು ಹೊತ್ತಾಯಿತು ಎಂದು ಅವಸರ ಮಾಡುವವಳು. ಆವತ್ತು ಅವರು ಒಂದು ಬಾಟಲಿ ತುಂಬಿಸಲು ಕಾಲು ಗಂಟೆ ತೆಗೆದುಕೊಂಡರೂ ಬಾಯಿ ಬಿಡಲಿಲ್ಲ.

ಸುಖವಾಗಿ ಮುಗಿಯಿತು ಎಂದುಕೊಂಡಿರುವಾಗ ಬೆವರ್ಲಿಯ ಫೋನು. ಅರಣ್ಯ ಇಲಾಖೆಯವರ ಪತ್ರ ಬಂದಿದೆ. ಅನುಮತಿಯಿಲ್ಲದೆ ಯಾರೋ ರಸ್ತೆಯ ದಿಬ್ಬ ಕಡಿದಿದ್ದಾರೆ, ನಮ್ಮ ತಂಡದವರೇ ಎಂದು ಅವರ ಅನುಮಾನ. ಅವಳ ದನಿಯಲ್ಲಿ ಜೇನಿರಲಿಲ್ಲ. ಪರೀಕ್ಷೆಯ ವಾರದಲ್ಲಿ ಇಂಥದೊಂದು ಡ್ವೇನ್ ಅವರ ಕಡತ ಸೇರಿದರೆ ಟ್ರಕ್ಕಿದ್ದೂ ಪ್ರಯೋಜನವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಯಾರು ಅಗೆದದ್ದು?”

“ನಾನು,” ಎಂದೆ.

“ನೀನಾ? ಯಾವುದರಲ್ಲಿ?”

“ಗುದ್ದಲೀಲಿ.”

“ನೀನಿರೋದು ಐದಡಿ, ಹನಿ.”

“ನಾಲ್ಕಡಿ ಹನ್ನೊಂದಿಂಚು.”

ಲಾರಿ ಓಡಿಸುವವನ ಮಗಳಿಗೆ ಎಲ್ಲವೂ ಅರ್ಥವಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. “ಸರಿ, ಬರೆದು ಕಳಿಸು. ಕ್ಷಮಾಪಣೆ ಪತ್ರ ನಿನ್ನ ಹೆಸರಲ್ಲಿ,” ಎಂದು ಫೋನ್ ಇಟ್ಟಳು. ಬರೆದು ಕಳಿಸಿದೆ. ಎಚ್ಚರಿಕೆಯ ಒಂದು ಹಾಳೆ ನನ್ನ ಕಡತಕ್ಕೆ ಸೇರಿತು. ಡ್ವೇನ್ ಅವರ ಕಡತದಲ್ಲಿ ‘ಎಲ್ಲ ತೊರೆಗಳನ್ನು ತಲುಪಬಲ್ಲರು’ ಎಂಬ ಸಾಲಿನ ಮುಂದೆ ‘ಹೌದು’ ಎಂದು ಬಿತ್ತು. ಆಮೇಲೆ ನಾಲ್ಕು ವರ್ಷ, ತಾವಾಗಿಯೇ ಸಾಕೆನ್ನುವವರೆಗೆ, ಅವರು ಅದೇ ಬೆಟ್ಟದಲ್ಲಿ ಕೆಲಸ ಮಾಡಿದರು.

ಮುಂದಿನ ತಿಂಗಳು ಹೋದಾಗ ಡ್ವೇನ್ ಅವರಿಗೆ ಕ್ಷಮಾಪಣೆ ಪತ್ರದ ಸಮಾಚಾರ ಮುಟ್ಟಿತ್ತು. ಮೂರನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ತೊಟ್ಟಿಯಿಂದ ಗುದ್ದಲಿ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅವರ ಮುಖ ನೋಡಿದೆ. ಗುದ್ದಲಿ ನನ್ನಷ್ಟೇ ಎತ್ತರವಿತ್ತು. ಅದನ್ನು ಎತ್ತಿ ದಿಬ್ಬಕ್ಕೆ ಮೂರು ಏಟು ಹಾಕಿದೆ. ಒಂದು ಹಿಡಿ ಮಣ್ಣು ಉದುರಿತು.

“ಸಾಕು ಮ್ಯಾಮ್,” ಎಂದು ಅವರು ಗುದ್ದಲಿ ತಿರುಗಿ ತೆಗೆದುಕೊಂಡರು. “ಈಗ ನೀವು ಬರೆದದ್ದು ನಿಜ ಆಯ್ತು.”